ಗೊರೂರಿನ ಕಪ್ಪೆಚಿಪ್ಪು, ಸಮುದ್ರತಳದ ಕಲ್ಲು: ನನ್ನ ಅನುಭವ

ಕಳೆದ ತಿಂಗಳು ಕೊನೆಯ ಕಂತಿನ ರಿಸಲ್ಟ್ ಬಂತು. ಸಮುದ್ರತಳದ ಕಲ್ಲನ್ನು ಡ್ರಿಲ್‌ನಿಂದ ಕೊರೆದು, ಅದರ ಕಾರ್ಬನ್, ಆಕ್ಸಿಜನ್ ಐಸೊಟೋಪ್ (ಒಂದೇ ಧಾತುವಿನ ಹಗುರ ಮತ್ತು ಭಾರದ ಪರಮಾಣು) ಅಳೆಯಲು ಲ್ಯಾಬಿಗೆ ಹದಿನಾಲ್ಕು ಜೋಡಿ ಪುಡಿ ಕಳಿಸಿದ್ದೆ. ಜೋರಾಗಿ ಕೊರೆದರೆ ಬಿಸಿಗೆ ಆಕ್ಸಿಜನ್ ಅಂಕಿ ತಪ್ಪಾಗುತ್ತದೆ ಅನ್ನುವುದು ನನ್ನ ಅನುಮಾನ. ಹದಿಮೂರರಲ್ಲಿ ನಾನು ಅಂದುಕೊಂಡ ಹಾಗೇ ಬಂದಿದೆ. ಮೂರು ವರ್ಷದಿಂದ "ಡ್ರಿಲ್ ಸ್ಪೀಡಿನಿಂದ ಏನೂ ಆಗಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡಿ" ಅಂತ ಕೇಳಿಸಿಕೊಂಡವನು ನಾನು. "ಹಾಸನದಲ್ಲಿ ಕೂತ್ಕೊಂಡು ಸಮುದ್ರತಳದ ಕೆಲಸವಾ ಸಾರ್?" ಅಂದವರೂ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಲ್ಲು ಆಂಧ್ರದ ಕರಾವಳಿಯಾಚೆ ಕೃಷ್ಣಾ-ಗೋದಾವರಿ ಬೇಸಿನ್ನಿನ ಸೀಪ್ ಕಾರ್ಬೊನೇಟ್, ಅಂದರೆ ಸಮುದ್ರತಳದಲ್ಲಿ ಮೀಥೇನ್ ಒಸರುವ ಕಡೆ ಬೆಳೆಯುವ ಸುಣ್ಣದ ಕಲ್ಲು. 2006ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗು ಆ ಕಡೆ ಗ್ಯಾಸ್ ಹೈಡ್ರೇಟ್ (ಮೀಥೇನನ್ನು ಹಿಡಿದಿಟ್ಟ ಮಂಜುಗಡ್ಡೆಯಂಥ ವಸ್ತು) ಹುಡುಕಿ ಕೊರೆದಿತ್ತು. ನನ್ನ ಹತ್ತಿರ ಇರುವುದು ಬೇರೊಂದು ಕೋರಿನಲ್ಲಿ, ಅಂದರೆ ತಳ ಕೊರೆದು ತೆಗೆದ ಉದ್ದನೆಯ ಉರುಳೆಯಲ್ಲಿ, ಉಳಿದ ಚೂರುಗಳು. ಜೊತೆಗೆ ಓದಿದ ಸ್ನೇಹಿತರು ಕೊಟ್ಟರು. ಹೆಬ್ಬೆರಳಿನ ಗಾತ್ರ, ಒಟ್ಟು ಮೂವತ್ತರ ಹತ್ತಿರ. ಚಿಪ್ಪಿನ ತುಂಡು, ಜೇಡಿ, ಮಧ್ಯೆ ಮಧ್ಯೆ ಬಿಳಿ ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಹರಳು ರೂಪ, ಇನ್ನೊಂದು ಕ್ಯಾಲ್ಸೈಟ್) ಪಟ್ಟೆ.

ಮೊದಲ ವರ್ಷ ಬರೀ ನಷ್ಟ. ಇಂಡಸ್ಟ್ರಿಯಲ್ ಏರಿಯಾದ ಗ್ರಾನೈಟ್ ಅಂಗಡಿಯೊಂದರಲ್ಲಿ ಚಿಕ್ಕ ಬ್ಲೇಡಿಗೆ ಕೊಟ್ಟು ಸ್ಲ್ಯಾಬ್ ಮಾಡಿಸಲು ಹೋದೆ. ನೀರು ಬಿದ್ದ ತಕ್ಷಣ ಜೇಡಿ ಉಬ್ಬಿ ಎರಡು ಚೂರು ಪುಡಿಪುಡಿ. ಹಾಗಾದರೆ ಸೀಮೆಎಣ್ಣೆ ಹಾಕಿ ಕೊಯ್ಯೋಣ ಅಂದೆ. ಸ್ಲ್ಯಾಬ್ ಚೆನ್ನಾಗೇ ಬಂತು. ಆಮೇಲೆ ಹೊಳೆಯಿತು, ಇದೇ ಚೂರುಗಳಲ್ಲಿ ಕ್ರೋಸೆಟೇನ್ ನೋಡಿಸಬೇಕು ಅಂತಿದ್ದೆನಲ್ಲ! ಮೀಥೇನ್ ತಿನ್ನುವ ಆರ್ಕಿಯಾ ಅನ್ನುವ ಸೂಕ್ಷ್ಮಜೀವಿಗಳ ಲಿಪಿಡ್‌ನಿಂದ (ಕೊಬ್ಬಿನಂಥ ಅಂಶ) ಉಳಿಯುವ ಗುರುತು ಅದು, ಸೀಮೆಎಣ್ಣೆಯ ಹಾಗೇ ಹೈಡ್ರೋಕಾರ್ಬನ್. ಎಣ್ಣೆ ಕುಡಿದ ಕಲ್ಲಿನಲ್ಲಿ ಅದನ್ನು ಹುಡುಕಿ ಏನು ಪ್ರಯೋಜನ? ಐದು ಚೂರು ಆ ಕೆಲಸಕ್ಕೆ ಬಾರದೇ ಹೋದವು. ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಲಿಪಿಡ್‌ಗೆ ಬೇಕಾದ ಭಾಗವನ್ನು ಮೊದಲೇ ಸುತ್ತಿಗೆಯಿಂದ ಒಡೆದು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿಡುತ್ತೇನೆ. ಉಳಿದದ್ದು ಕೊಯ್ಯುವಾಗ ಪುಡಿಯಾಗದ ಹಾಗೆ, ಗಾಳಿ ಎಳೆದು ಅರಾಲ್ಡೈಟ್ ಕುಡಿಸುತ್ತೇನೆ. ಹಳೆಯ ಪ್ರೆಷರ್ ಕುಕ್ಕರ್, ಗುಜರಿಯಲ್ಲಿ ಸಿಕ್ಕ ಫ್ರಿಜ್ ಕಂಪ್ರೆಸರ್, ಅಷ್ಟೇ ನನ್ನ ವ್ಯಾಕ್ಯೂಮ್ ಚೇಂಬರ್. ಸಾವಿರದ ಇನ್ನೂರೋ ಏನೋ ಆಯ್ತು.

ಮುಂದಿನದು ಡ್ರಿಲ್. ಪರಿಚಯದ ಹಲ್ಲಿನ ಡಾಕ್ಟರೊಬ್ಬರು ತಮ್ಮ ಹಳೆಯ ಮೈಕ್ರೋಮೋಟರ್ ಆರೂವರೆ ಸಾವಿರಕ್ಕೆ ಕೊಟ್ಟರು. ಎಲ್ಲರ ಹಾಗೆ ನಾನೂ ಇಪ್ಪತ್ತು ಸಾವಿರ ಆರ್‌ಪಿಎಂನಲ್ಲಿ ಕೊರೆದೆ. ಇಪ್ಪತ್ತೆರಡು ಪುಡಿ, ಒಂದಕ್ಕೆ ಸಾವಿರದ ಐನೂರರ ಹಾಗೆ ಮೂವತ್ತಮೂರು ಸಾವಿರ. ಕಾರ್ಬನ್ ಚೆನ್ನಾಗಿತ್ತು, ಮೈನಸ್ 46 ಪರ್ ಮಿಲ್ (ಸಾವಿರಕ್ಕೆ ಇಷ್ಟು ಅನ್ನುವ ಲೆಕ್ಕ) ಆಸುಪಾಸು. ಮೈನಸ್ ಜಾಸ್ತಿ ಅಂದರೆ ಭಾರದ ಕಾರ್ಬನ್ ಕಡಿಮೆ, ಮೀಥೇನಿನಿಂದ ಬಂದ ಕಾರ್ಬನ್ ಹಾಗಿರುತ್ತದೆ. ಮೀಥೇನ್ ಅನ್ನುವುದರಲ್ಲಿ ಅನುಮಾನವೇ ಇಲ್ಲ. ಆಕ್ಸಿಜನ್ ಮಾತ್ರ ಒಂದೇ ಪಟ್ಟೆಯಲ್ಲಿ 3.5, ಪಕ್ಕದಲ್ಲೇ 4.1.

ಇದು ಚಿಕ್ಕ ವಿಷಯ ಅಲ್ಲ. ಹೈಡ್ರೇಟ್ ಭಾರದ ಆಕ್ಸಿಜನ್ನನ್ನು (ಆಕ್ಸಿಜನ್-18) ಹಿಡಿದಿಟ್ಟುಕೊಳ್ಳುತ್ತದೆ. ಕರಗಿದಾಗ ಆ ಭಾರದ ನೀರು ಹೊರಗೆ ಬರುತ್ತದೆ. ಅದರಲ್ಲಿ ಬೆಳೆದ ಕಾರ್ಬೊನೇಟೂ ಭಾರವಾಗುತ್ತದೆ, ಆಕ್ಸಿಜನ್ ಅಂಕಿ ಮೇಲೇರುತ್ತದೆ. ಅರ್ಧ ಪರ್ ಮಿಲ್ ಆಚೆ ಈಚೆ ಆದರೆ, ಆ ಕಾಲದಲ್ಲಿ ಹೈಡ್ರೇಟ್ ಕರಗಿತ್ತಾ ಇಲ್ಲವಾ ಅನ್ನುವ ಮಾತೇ ಬದಲಾಗುತ್ತದೆ. ಲ್ಯಾಬಿನವರು ಕಲ್ಲೇ ಹಾಗಿರುತ್ತದೆ ಅಂದರು. ನನಗೆ ಡ್ರಿಲ್ಲಿನ ಬಿಸಿಯ ಮೇಲೇ ಅನುಮಾನ. ಬಿಸಿಗೆ ಅರಗೊನೈಟ್ ಕ್ಯಾಲ್ಸೈಟ್ ಆಗುತ್ತದೆ, ಆಗುವಾಗ ಆಕ್ಸಿಜನ್ ಅಂಕಿ ಕೆಳಗೆ ಜಾರುತ್ತದೆ.

ಪರೀಕ್ಷೆ ಮಾಡೋಣ ಅಂದರೆ ಸಮುದ್ರದ ಕಲ್ಲನ್ನು ವ್ಯರ್ಥ ಮಾಡಲು ಮನಸ್ಸು ಬರಲಿಲ್ಲ. ಗೊರೂರಿನ ಹತ್ತಿರ ಹೇಮಾವತಿ ದಂಡೆಯಲ್ಲಿ ಬೇಸಿಗೆಯಲ್ಲಿ ನೀರು ಇಳಿದಾಗ ಕಪ್ಪೆಚಿಪ್ಪು ಬೇಕಾದಷ್ಟು. ಹೊಳೆಯ ಕಪ್ಪೆಚಿಪ್ಪು ಪೂರ್ತಿ ಅರಗೊನೈಟ್, ಅಲ್ವಾ? ಒಂದು ಚೀಲ ತಂದೆ. ಬೇರೆ ಬೇರೆ ಸ್ಪೀಡಿನಲ್ಲಿ ಕೊರೆದು, ಪುಡಿಗೆ ಫೈಗಲ್ ದ್ರಾವಣ (ಅರಗೊನೈಟ್ ಗುರುತಿಸುವ ಬಣ್ಣದ ದ್ರಾವಣ) ಹಾಕಿದೆ. ಅರಗೊನೈಟ್ ಕಪ್ಪಾಗುತ್ತದೆ, ಕ್ಯಾಲ್ಸೈಟ್ ಬಿಳಿಯಾಗಿಯೇ ಉಳಿಯುತ್ತದೆ. ದ್ರಾವಣಕ್ಕೆ ಬೇಕಾದ ಸಿಲ್ವರ್ ಸಲ್ಫೇಟ್ ದುಬಾರಿ, ಹಾಗಾಗಿ ತೊಟ್ಟು ತೊಟ್ಟಾಗಿ ಬಳಸಿ. ಮೈಕ್ರೋಸ್ಕೋಪಿನಲ್ಲಿ ಕಣ ಎಣಿಸಿದೆ. ಇಪ್ಪತ್ತು ಸಾವಿರದಲ್ಲಿ ಕೊರೆದ ಪುಡಿಯಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು ಬಿಳಿ. ಸಾವಿರದ ಕೆಳಗೆ ಕೊರೆದದ್ದರಲ್ಲಿ ನಾಲ್ಕೋ ಐದೋ. ಎಣಿಸುತ್ತಾ ಎಣಿಸುತ್ತಾ ಕೈ ನಡುಗಿತು.

ನಿಧಾನವಾಗಿ ಕೊರೆಯುವುದು ಕಷ್ಟದ ಕೆಲಸ. ಒಂದು ಪುಡಿಗೆ ನಲವತ್ತು ನಿಮಿಷ. ಮಳೆಗಾಲದಲ್ಲಿ ವೋಲ್ಟೇಜ್ ಏರಿಳಿದರೆ ಮೋಟರ್ ತಾನಾಗಿಯೇ ಜೋರಾಗುತ್ತದೆ. ಯುಪಿಎಸ್ ಕಡ್ಡಾಯ. ಹಳೆಯ ಬರ್ (ಡ್ರಿಲ್ ಬಿಟ್) ಬೇಡ, ಮೊಂಡಾದರೆ ಉಜ್ಜಿ ಬಿಸಿ ಮಾಡುತ್ತದೆ. ಪ್ರತಿ ಸಲ ತೆಳು ಹೈಡ್ರೋಕ್ಲೋರಿಕ್, ನೀರು, ಕೊನೆಗೆ ಆಲ್ಕೋಹಾಲ್‌ನಲ್ಲಿ ತೊಳೆಯಿರಿ. ಬರ್‌ನ ತುದಿಯನ್ನು ನೀರಿಲ್ಲದೆ ತಂಪಾಗಿಡಲು ನಾನೊಂದು ಉಪಾಯ ಮಾಡಿದ್ದೇನೆ. ನನ್ನ ಸಂಶೋಧನಾ ಪೇಪರ್ ಬರುವವರೆಗೆ ಅದು ನನ್ನಲ್ಲೇ ಇರಲಿ.

ಇದರ ಮಧ್ಯೆ ಒಂದು ಆಸೆಗೆ ಬಿದ್ದೆ. ಕೆಮ್ಮಣ್ಣುಗುಂಡಿ ಕಡೆಯಿಂದ ಬಾಬಾಬುಡನ್ ಪಟ್ಟೆಕಲ್ಲಿನ (ಕಬ್ಬಿಣದ ಪಟ್ಟೆಗಳಿರುವ ಕಲ್ಲು) ಒಂದು ತುಂಡು ಬಹಳ ದಿನದಿಂದ ಮನೆಯಲ್ಲಿತ್ತು. ಸುಮಾರು 270 ಕೋಟಿ ವರ್ಷದ ಹಿಂದಿನ ಸಮುದ್ರದಲ್ಲಿ ಆದ ಕಲ್ಲು ಅದು, ನೀರಿನಲ್ಲಿ ಸಲ್ಫೇಟ್ ತೀರಾ ಕಡಿಮೆ ಇದ್ದ ಕಾಲ. ಈಗಿನ ಸಮುದ್ರತಳದಲ್ಲಿ ಆರ್ಕಿಯಾಗಳು ಮೀಥೇನ್ ತಿನ್ನುವುದು ಹೆಚ್ಚಾಗಿ ಸಲ್ಫೇಟಿನ ನೆರವಿನಿಂದ, ಅದು ಇಲ್ಲದಿದ್ದರೆ ಮೀಥೇನ್ ಕಥೆಯೇ ಬೇರೆ. ತಿಳಿ ಪಟ್ಟೆಯಲ್ಲಿ ಕಾರ್ಬೊನೇಟ್ ಸಿಕ್ಕೀತು ಅಂತ ಕೊರೆದೆ. ಎರಡು ಬರ್ ಹೋದವು. ಪುಡಿಗೆ ಆಸಿಡ್ ಹಾಕಿ ಬಿಸಿ ಮಾಡಿದರೂ ಕಾರ್ಬೊನೇಟಿನ ಗುರುತಾದ ಒಂದು ಗುಳ್ಳೆಯೂ ಏಳಲಿಲ್ಲ, ಬರೀ ಚರ್ಟ್ (ಸಿಲಿಕಾದ ಗಟ್ಟಿ ಕಲ್ಲು). ಆದರೂ ಆ ಬೆಟ್ಟ ನನ್ನನ್ನು ಬಿಡುವುದಿಲ್ಲ, ಬೇರೆ ತುಂಡು ನೋಡಬೇಕು.

ಕೊನೆಯ ಕಂತಿಗೆ ಹೀಗೆ ಮಾಡಿದೆ. ಒಂದೇ ಪಟ್ಟೆಯನ್ನು ಅರ್ಧ ಜೋರಾಗಿ, ಅರ್ಧ ನಿಧಾನವಾಗಿ ಕೊರೆದು ಬರೀ ನಂಬರ್ ಹಾಕಿ ಕಳಿಸಿದೆ. ಯಾವುದು ಯಾವುದು ಅಂತ ಲ್ಯಾಬಿಗೆ ಹೇಳಲಿಲ್ಲ. ಒಂಬತ್ತು ಜೋಡಿ ಅರಗೊನೈಟ್, ಐದು ಜೋಡಿ ಕ್ಯಾಲ್ಸೈಟ್. ಅರಗೊನೈಟ್‌ನ ಎಂಟು ಜೋಡಿಯಲ್ಲಿ ನಿಧಾನದ್ದರ ಆಕ್ಸಿಜನ್ ಅಂಕಿ 0.4ರಿಂದ 0.6 ಜಾಸ್ತಿ. ಕ್ಯಾಲ್ಸೈಟ್‌ನ ಐದರಲ್ಲೂ ವ್ಯತ್ಯಾಸ ಮೆಷಿನ್ನಿನ ತಪ್ಪಿನೊಳಗೇ ಇದೆ. ಕಲ್ಲೇ ಹಾಗಿದ್ದರೆ ಕ್ಯಾಲ್ಸೈಟ್‌ನಲ್ಲೂ ಏರುಪೇರು ಕಾಣಬೇಕಿತ್ತಲ್ಲ? ಹೊಂದದ ಒಂದು ಜೋಡಿಯ ಸ್ಲ್ಯಾಬನ್ನು ಮತ್ತೆ ಫೈಗಲ್‌ನಲ್ಲಿ ನೋಡಿದೆ. ಪಟ್ಟೆಯ ಒಂದು ಕಡೆ ಕ್ಯಾಲ್ಸೈಟ್ ಸೇರಿಕೊಂಡಿತ್ತು.

ರಿಸಲ್ಟ್ ನೋಡಿದ ಲ್ಯಾಬಿನವರೇ ಫೋನ್ ಮಾಡಿ ಸ್ಪೀಡ್ ಎಷ್ಟು ಇಟ್ಟಿದ್ದಿರಿ ಅಂತ ಕೇಳಿದರು. ಹೇಳಿದೆ. ಮೊದಲ ವರ್ಷದ ಇಪ್ಪತ್ತೆರಡರಲ್ಲಿ ಹದಿನೈದು ಅರಗೊನೈಟ್ ಪಟ್ಟೆಗಳು. ಅವನ್ನು ಈಗ ಮೊದಲಿನಿಂದ ಕೊರೆಯುತ್ತಿದ್ದೇನೆ, ದಿನಕ್ಕೆ ಎರಡರ ಲೆಕ್ಕದಲ್ಲಿ.