ಧಣಿಗಳ ಪರವಾಗಿ ರಾಜಿಗೆ ಕೂರುವ ಮೊದಲು

ಕಾಸರಗೋಡು, ಮಂಜೇಶ್ವರ ಕಡೆಯ ಅಂಗಡಿ, ಸಾಮಿಲ್ಲು, ಅಡಿಕೆ ಗೋದಾಮುಗಳ ಎಷ್ಟೋ ಧಣಿಗಳು ಗಲ್ಫಿನಲ್ಲಿದ್ದಾರೆ. ಕೆಲಸದವರ ತಕರಾರು ಲೇಬರ್ ಆಫೀಸಿಗೆ ಹೋಯಿತೆಂದರೆ ಅಲ್ಲಿ ಕೂರುವವರು ನನ್ನಂಥ ಮ್ಯಾನೇಜರುಗಳೇ. (ವಕೀಲರನ್ನು ಕಳಿಸೋಣವೆಂದರೆ ಸಂಧಾನದ ಹಂತದಲ್ಲಿ, ಅಂದರೆ ಲೇಬರ್ ಆಫೀಸಿನ ಅಧಿಕಾರಿ ಎರಡೂ ಕಡೆಯವರನ್ನು ಕೂರಿಸಿ ರಾಜಿಗೆ ಯತ್ನಿಸುವಾಗ, ಕಾನೂನು ಬಿಡುವುದಿಲ್ಲ.) "ನೀವೇ ಹೋಗಿ ಮುಗಿಸಿ ಬನ್ನಿ" ಎಂಬ ಫೋನಿನ ಮಾತಿಗೆ ನಾನು ಹೊರಡುವುದಿಲ್ಲ. 1872ರ ಕರಾರು ಕಾಯ್ದೆಯ 186, 187ನೇ ಕಲಂಗಳು ಬಾಯಿಮಾತಿನ ಅಧಿಕಾರವನ್ನೂ ಒಪ್ಪುತ್ತವೆ, ನಿಜ. ಆದರೆ ನಾಳೆ ಧಣಿಗಳು "ಅಷ್ಟು ಕೊಡಲು ನಾನು ಹೇಳಿಲ್ಲ" ಎಂದರೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಹಾಜರಾಗಿ ಉತ್ತರ ಕೊಡಲು ಬರೆದ ಪತ್ರ ರಾಜಿಗೆ ಸಾಲದು. ಮಾತುಕತೆ ನಡೆಸುವುದು, ಶರತ್ತು ಒಪ್ಪುವುದು, ಒಪ್ಪಂದಕ್ಕೆ ಸಹಿ ಹಾಕುವುದು, ಹಣ ಪಾವತಿಸುವುದು, ಈ ನಾಲ್ಕನ್ನೂ ಬಿಡಿಸಿ ಬರೆಸಿಕೊಳ್ಳುತ್ತೇನೆ. ಯಾವ ತಕರಾರು, ಯಾರ ಜತೆ ಎಂಬುದೂ ಅದರಲ್ಲೇ ಇರಬೇಕು. ಕಂಪನಿಯಾದರೆ ಬೋರ್ಡಿನ ಠರಾವಿನ ಪ್ರತಿ ಬೇಕು. ಜನ ಎಡವುವುದು ಪಾಲುದಾರಿಕೆಯಲ್ಲಿ. 1932ರ ಪಾಲುದಾರಿಕೆ ಕಾಯ್ದೆಯ 19(2)ನೇ ಕಲಮಿನ ಪ್ರಕಾರ, ಸಂಸ್ಥೆಯ ಹಕ್ಕನ್ನು ರಾಜಿಯಲ್ಲಿ ಬಿಟ್ಟುಕೊಡುವ, ದಾವೆಯಲ್ಲಿ ಹೊಣೆ ಒಪ್ಪಿಕೊಳ್ಳುವ ಅಧಿಕಾರ ಒಬ್ಬ ಪಾಲುದಾರರಿಗೆ ತಾನಾಗಿ ಬರುವುದಿಲ್ಲ. ಅಣ್ಣ ತಮ್ಮ ಸೇರಿ ನಡೆಸುವ ಅಂಗಡಿಯಾದರೂ ಇಬ್ಬರ ಸಹಿಯೂ ಬೇಕು. ವಿದೇಶದಲ್ಲಿ ಮುಕ್ತ್ಯಾರ್ ನಾಮೆ (ಪವರ್ ಆಫ್ ಅಟಾರ್ನಿ) ಮಾಡಿಸಿದರೆ ಅಲ್ಲಿಯ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಊರಿಗೆ ತಲುಪಿದ 3 ತಿಂಗಳೊಳಗೆ ಸ್ಟಾಂಪ್ ಹಾಕಿಸಬೇಕು.

ಇನ್ನು ಹಣದ ಮಿತಿ. ಹೆಚ್ಚೆಂದರೆ ಎಷ್ಟು ಕೊಡಬಹುದು ಎಂಬುದನ್ನು ಯೂನಿಯನ್ ನೋಡುವ ಪತ್ರದಲ್ಲಿ ಬರೆದರೆ ಮಾತುಕತೆ ಆ ಅಂಕಿಯಿಂದಲೇ ಶುರುವಾಗುತ್ತದೆ. ಬರೆಯದೆ ಪೂರ್ಣಾಧಿಕಾರ ಕೊಟ್ಟರೆ, ಧಣಿಗಳು ಗುಟ್ಟಾಗಿ ಹೇಳಿದ ಮಿತಿ ಎದುರು ಪಕ್ಷವನ್ನು ಕಟ್ಟಿಹಾಕುವುದಿಲ್ಲ. ಅಧಿಕಾರವಿದೆ ಎಂದು ಧಣಿಗಳೇ ನಂಬಿಸಿದ್ದರೆ ಹೊಣೆಯೂ ಅವರದೇ (ಕರಾರು ಕಾಯ್ದೆ, ಕಲಂ 237). ಅದಕ್ಕೇ ನಾನು ಎರಡು ಕಾಗದ ಮಾಡಿಸುತ್ತೇನೆ. ಆಫೀಸಿಗೆ ಕೊಡುವುದರಲ್ಲಿ "ಹಣದ ಶರತ್ತಿಗೆ ಧಣಿಗಳ ಲಿಖಿತ ಒಪ್ಪಿಗೆ ಬೇಕು" ಎಂದಿರುತ್ತದೆ. ಅಂಕಿ ಇರುವುದು ನಮ್ಮಿಬ್ಬರೊಳಗಿನ ಕಾಗದದಲ್ಲಿ. ಕೊನೆಯ ಮೊತ್ತಕ್ಕೆ ವಾಟ್ಸಾಪಿನಲ್ಲಿ ಒಪ್ಪಿಗೆ ತರಿಸಿಕೊಂಡು, ಅದನ್ನು ಮುದ್ರಿಸಿ ಫೈಲಿಗೆ ಸೇರಿಸಿದ ಮೇಲೆಯೇ ಸಹಿ.

ಧಣಿಗಳು ಒಪ್ಪಿದರೂ ನಾನು ಬಿಟ್ಟುಕೊಡಲಾಗದ ಸಂಗತಿಗಳಿವೆ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ಯಾರು ಸಹಿ ಹಾಕಿದರೂ ನಿಲ್ಲದು. ಅರ್ಹರಿಗೆ ಕೆಲಸ ಬಿಡುವಾಗ ಸಲ್ಲುವ ಗ್ರ್ಯಾಚ್ಯುಟಿ, ಅಂದರೆ ತಿಂಗಳ ವೇತನವನ್ನು 26ರಿಂದ ಭಾಗಿಸಿ ಸೇವೆಯ ಪ್ರತಿ ವರ್ಷಕ್ಕೆ 15 ದಿನದಂತೆ ಬರುವ ಮೊತ್ತ, "ಪೂರ್ಣ ಮತ್ತು ಅಂತಿಮ" ಎಂಬ ಸಾಲಿನಲ್ಲಿ ಕರಗಿಹೋಗುವುದಿಲ್ಲ. ಅದನ್ನು ಬೇರೆಯೇ ಸಾಲಿನಲ್ಲಿ ಲೆಕ್ಕ ಹಾಕಿ ತೋರಿಸುತ್ತೇನೆ.

ತೆಗೆದುಹಾಕಿದವರನ್ನು ವಾಪಸು ತೆಗೆದುಕೊಳ್ಳುವ ರಾಜಿಯಲ್ಲಿ ಬರೆಯದೆ ಬಿಟ್ಟ ಮಾತೇ ಮುಂದೆ ತೊಂದರೆ ಕೊಡುತ್ತದೆ. "ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಲಾಗಿದೆ" ಎಂದು ಬಿಟ್ಟರೆ ಮಧ್ಯದ ತಿಂಗಳುಗಳ ಸಂಬಳ ಕೊಡಬೇಕೇ, ಸೇವೆ ಮುರಿಯಿತೇ ಎಂಬ ಹೊಸ ಜಗಳಕ್ಕೆ ದಾರಿ. "ಸೇವೆ ನಿರಂತರ, ಬಾಕಿ ಸಂಬಳ ಇಂತಿಷ್ಟು, ಇಂಥ ತಾರೀಕಿಗೆ, ಇಂಥ ಬ್ಯಾಂಕ್ ಖಾತೆಗೆ" ಎಂದೇ ಬರೆಯಬೇಕು.

ಒಪ್ಪಂದ ಸಾಮಾನ್ಯವಾಗಿ ಮಲಯಾಳದಲ್ಲಿರುತ್ತದೆ. ಕನ್ನಡವಷ್ಟೇ ಓದಬಲ್ಲ ಕೆಲಸದವರಿದ್ದರೆ ಕನ್ನಡ ಪ್ರತಿಯನ್ನೂ ಲಗತ್ತಿಸಿ, ಓದಿ ಹೇಳಿದವರ ಸಹಿ ಹಾಕಿಸುತ್ತೇನೆ. ಓದದೆ ಹೆಬ್ಬೆಟ್ಟು ಒತ್ತಿದೆ ಎಂಬ ತಕರಾರಿಗೆ ಉತ್ತರವಾಗಿ ಇಷ್ಟು ಸಾಕು. ಸಾಧ್ಯವಾದಷ್ಟೂ ಸಹಿ ಸಂಧಾನಾಧಿಕಾರಿಯ ಎದುರಿಗೇ ಆಗಲಿ. ಹೊರಗೆ ಮಾಡಿಕೊಂಡ ಒಪ್ಪಂದ ಸಹಿ ಮಾಡಿದ ಪಕ್ಷಗಳಿಗಷ್ಟೇ ಅನ್ವಯ; ಸಂಧಾನದಲ್ಲಿ ಆದದ್ದು ಆ ಸಂಸ್ಥೆಯ ಎಲ್ಲ ಕಾರ್ಮಿಕರಿಗೂ, ಮುಂದೆ ಸೇರುವವರಿಗೂ ಅನ್ವಯಿಸುತ್ತದೆ.

ಮ್ಯಾನೇಜರ್ ಬದಲಾದಾಗ ಅಧಿಕಾರ ರದ್ದಾಯಿತೆಂದು ಲೇಬರ್ ಆಫೀಸಿಗೂ ಯೂನಿಯನ್ನಿಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಬೇಕು. ಅವರಿಗೆ ಗೊತ್ತಾಗುವವರೆಗೆ ಹಳಬರ ಮಾತೂ ಧಣಿಗಳನ್ನು ಕಟ್ಟಿಹಾಕಬಲ್ಲದು.