ಭೂಕಂಪದ ವರದಿಯನ್ನೂ ಕಾಲಡಿಯ ನೆಲವನ್ನೂ ಓದುವ ಕ್ರಮ

ಭೂಕಂಪ ಸಂಭವಿಸಿದ ಕೆಲವೇ ನಿಮಿಷಗಳಲ್ಲಿ ಅದರ ಸಮಯ, ಸ್ಥಳ, ಆಳ ಮತ್ತು ಅದು ಎಷ್ಟು ದೊಡ್ಡದೆಂದು ಹೇಳುವ ಪರಿಮಾಣ (ಮ್ಯಾಗ್ನಿಟ್ಯೂಡ್) ಪ್ರಕಟವಾಗುತ್ತವೆ. ಬಹಳಷ್ಟು ಓದುಗರ ಕಣ್ಣು ಪರಿಮಾಣದ ಅಂಕಿಯ ಮೇಲೆಯೇ ನಿಲ್ಲುತ್ತದೆ. ಆದರೆ ಒಂದು ಊರು ಉಳಿಯಿತೋ ಕುಸಿಯಿತೋ ಎಂಬುದನ್ನು ನಿರ್ಧರಿಸುವಲ್ಲಿ ಕಂಪನ ಹುಟ್ಟಿದ ಆಳ, ಅಲ್ಲಿಂದ ಊರಿಗಿರುವ ದೂರ, ಊರಿನ ಅಡಿಯಲ್ಲಿರುವ ಶಿಲೆ ಅಥವಾ ಮಣ್ಣು ಮತ್ತು ಕಟ್ಟಡಗಳ ಗಟ್ಟಿತನ ಇವೆಲ್ಲಕ್ಕೂ ಪರಿಮಾಣದಷ್ಟೇ ಪಾತ್ರವಿರುತ್ತದೆ. ಆದ್ದರಿಂದ ಭೂವಿಜ್ಞಾನವನ್ನು ಹೊಸದಾಗಿ ಕಲಿಯುವವರು ವರದಿಯ ಪ್ರತಿಯೊಂದು ಅಂಶವನ್ನೂ ಬಿಡಿಸಿ ಓದುವುದನ್ನು ರೂಢಿಸಿಕೊಳ್ಳಬೇಕು.

ಮೊದಲು ಪರಿಮಾಣದ ಲೆಕ್ಕವನ್ನು ಸ್ಪಷ್ಟಮಾಡಿಕೊಳ್ಳಿ. 1935ರಲ್ಲಿ ಚಾರ್ಲ್ಸ್ ರಿಕ್ಟರ್ ರೂಪಿಸಿದ ಮಾನದ ಬದಲು ಈಗ ದೊಡ್ಡ ಭೂಕಂಪಗಳಿಗೆ 'ಮೊಮೆಂಟ್ ಮ್ಯಾಗ್ನಿಟ್ಯೂಡ್' ಎಂಬ ಮಾನವನ್ನು ಬಳಸುತ್ತಾರೆ. ಇದರಲ್ಲಿ ಅಂಕಿ ಒಂದು ಹೆಚ್ಚಾದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು, ಎರಡು ಹೆಚ್ಚಾದರೆ ಸುಮಾರು 1000 ಪಟ್ಟು ಹೆಚ್ಚುತ್ತದೆ. ಮೊದಲ ಗಂಟೆಯಲ್ಲಿ ಹೇಳಿದ ಅಂಕಿಯನ್ನು ಅಂತಿಮವೆಂದು ಭಾವಿಸಬಾರದು: 2011ರ ಮಾರ್ಚ್ 11ರ ಜಪಾನಿನ ಭೂಕಂಪವನ್ನು ಆರಂಭದಲ್ಲಿ 7.9 ಎಂದು ಅಂದಾಜಿಸಿ, ಮುಂದೆ ಹಂತಹಂತವಾಗಿ 9.0ಕ್ಕೆ ಏರಿಸಲಾಯಿತು. ಪರಿಮಾಣವು ಇಡೀ ಭೂಕಂಪಕ್ಕೆ ಒಂದೇ ಆಗಿರುತ್ತದೆ, ತೀವ್ರತೆಯಾದರೋ ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ. I ರಿಂದ XIIರವರೆಗಿನ ಮರ್ಕ್ಯಾಲಿ ಮಾನವು ಜನರಿಗಾದ ಅನುಭವವನ್ನೂ ಕಟ್ಟಡಗಳಿಗಾದ ಹಾನಿಯನ್ನೂ ಆಧರಿಸಿ ಈ ತೀವ್ರತೆಯನ್ನು ಹೇಳುತ್ತದೆ. ನಿಮ್ಮ ಆಸಕ್ತಿ ಹಾನಿಯಲ್ಲಿದ್ದರೆ ತೀವ್ರತೆಯ ನಕ್ಷೆಯನ್ನೇ ಹುಡುಕಿ ನೋಡಿ.

ಎರಡನೆಯದಾಗಿ ಆಳವನ್ನು ಗಮನಿಸಿ. ಶಿಲೆ ಮುರಿದು ಜಾರಲು ಆರಂಭಿಸಿದ ಬಿಂದುವನ್ನು ಭೂಕಂಪ ನಾಭಿ ಎಂದೂ, ಅದರ ನೇರ ಮೇಲಿರುವ ನೆಲದ ಬಿಂದುವನ್ನು ಅಧಿಕೇಂದ್ರ ಎಂದೂ ಕರೆಯುತ್ತಾರೆ. ನಾಭಿಯು 70 ಕಿ.ಮೀ.ಗಿಂತ ಕಡಿಮೆ ಆಳದಲ್ಲಿದ್ದರೆ ಅದು ಮೇಲ್ಮಟ್ಟದ ಭೂಕಂಪ, 300 ಕಿ.ಮೀ.ವರೆಗೆ ಮಧ್ಯಮ, ಅದಕ್ಕೂ ಕೆಳಗಿದ್ದರೆ ಆಳದ ಭೂಕಂಪ. 2013ರ ಮೇ ತಿಂಗಳಲ್ಲಿ ಒಖೋಟ್ಸ್ಕ್ ಸಮುದ್ರದ ಅಡಿಯಲ್ಲಿ ಸಂಭವಿಸಿದ 8.3 ಪರಿಮಾಣದ ಭೂಕಂಪವು ಸುಮಾರು 600 ಕಿ.ಮೀ. ಆಳದಲ್ಲಿ ಹುಟ್ಟಿದ್ದರಿಂದ ಸಾವಿರಾರು ಕಿ.ಮೀ. ದೂರದ ಮಾಸ್ಕೋದಲ್ಲಿಯೂ ಅನುಭವಕ್ಕೆ ಬಂತು. ಹಾಗಿದ್ದರೂ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ನ್ಯೂಜಿಲೆಂಡಿನ ಉದಾಹರಣೆ ಇನ್ನೂ ಬೋಧಪ್ರದವಾದುದು. ಅಲ್ಲಿ 2010ರ ಸೆಪ್ಟೆಂಬರಿನಲ್ಲಿ ಕ್ರೈಸ್ಟ್‌ಚರ್ಚ್ ನಗರದಿಂದ ಸುಮಾರು 40 ಕಿ.ಮೀ. ದೂರದಲ್ಲಿ ಬೆಳಗಿನ ಜಾವ 7.1ರ ಭೂಕಂಪವಾದಾಗ ಕಟ್ಟಡ ಕುಸಿದು ಯಾರೂ ಸಾಯಲಿಲ್ಲ. 2011ರ ಫೆಬ್ರವರಿ 22ರ ಮಧ್ಯಾಹ್ನ ಅದಕ್ಕಿಂತ ಸುಮಾರು 22 ಪಟ್ಟು ಕಡಿಮೆ ಶಕ್ತಿಯ 6.2ರ ಭೂಕಂಪವು ನಗರದ ಸಮೀಪದಲ್ಲಿಯೇ, ಕೇವಲ 5 ಕಿ.ಮೀ. ಆಸುಪಾಸಿನ ಆಳದಲ್ಲಿ ಹುಟ್ಟಿ 185 ಜನರನ್ನು ಬಲಿ ತೆಗೆದುಕೊಂಡಿತು. ಆಳದ ಜಾಗದಲ್ಲಿ ಸರಿಯಾಗಿ 10 ಕಿ.ಮೀ. ಎಂದಿದ್ದರೆ, ಆಳವನ್ನು ಖಚಿತವಾಗಿ ಲೆಕ್ಕ ಹಾಕಲಾಗದೆ ಸದ್ಯಕ್ಕೆಂದು ಹಾಕಿದ ಅಂಕಿ ಅದಾಗಿರಬಹುದು ಎಂಬುದು ನೆನಪಿರಲಿ.

ಅಧಿಕೇಂದ್ರದ ದೂರವನ್ನು ನೀವೇ ಲೆಕ್ಕ ಹಾಕಿ ನೋಡಬಹುದು, ಹಾಗೆ ಮಾಡಿದವರಿಗೆ ವಿಷಯ ಮನದಟ್ಟಾಗುವುದು ಬೇಗ. ಭೂಕಂಪಮಾಪಕದ ದಾಖಲೆಯಲ್ಲಿ ಮೊದಲು ಬರುವ ಸಣ್ಣ ಅಲುಗಾಟ ಪಿ ಅಲೆಯದು, ಅನಂತರ ಬರುವ ದೊಡ್ಡ ಅಲುಗಾಟ ಎಸ್ ಅಲೆಯದು. ಭೂಕವಚದಲ್ಲಿ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ., ಎಸ್ ಅಲೆ ಸುಮಾರು 3.5 ಕಿ.ಮೀ. ವೇಗದಲ್ಲಿ ಚಲಿಸುವುದರಿಂದ, ಕೆಲವು ನೂರು ಕಿ.ಮೀ. ಒಳಗಿನ ಭೂಕಂಪಗಳಲ್ಲಿ ಎರಡರ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಅಂದಾಜು ದೂರ ದೊರೆಯುತ್ತದೆ. ಅಂತರ 25 ಸೆಕೆಂಡಾಗಿದ್ದರೆ ದೂರ ಸುಮಾರು 200 ಕಿ.ಮೀ. ಒಂದೇ ಕೇಂದ್ರದ ದಾಖಲೆಯಿಂದ ದೂರ ತಿಳಿದರೂ ದಿಕ್ಕು ತಿಳಿಯುವುದಿಲ್ಲವಾದ್ದರಿಂದ, ಕನಿಷ್ಠ ಮೂರು ಕೇಂದ್ರಗಳ ಸುತ್ತ ಅವುಗಳ ದೂರವನ್ನೇ ತ್ರಿಜ್ಯವಾಗಿಟ್ಟುಕೊಂಡು ವೃತ್ತಗಳನ್ನು ಎಳೆದು, ಅವು ಕೂಡುವ ಜಾಗವನ್ನು ಗುರುತಿಸಿ.

ಆ ಜಾಗವನ್ನು ಭೂಫಲಕಗಳ, ಅಂದರೆ ಭೂಮಿಯ ಗಟ್ಟಿ ಹೊರಪದರದ ದೊಡ್ಡ ತುಂಡುಗಳ, ನಕ್ಷೆಯ ಮೇಲಿಟ್ಟು ನೋಡಿ. ಫಲಕಗಳು ವರ್ಷಕ್ಕೆ ಕೆಲವು ಸೆಂಟಿಮೀಟರ್‌ಗಳಷ್ಟು ಮಾತ್ರ ಸರಿಯುತ್ತವೆ, ಆದರೆ ಅಂಚುಗಳು ಸಿಕ್ಕಿಹಾಕಿಕೊಂಡಲ್ಲಿ ಆ ಚಲನೆಯ ಒತ್ತಡ ದಶಕಗಳ, ಶತಮಾನಗಳ ಕಾಲ ಶಿಲೆಯಲ್ಲಿ ಕೂಡಿಕೊಂಡು ಒಮ್ಮೆಲೇ ಬಿಡುಗಡೆಯಾಗುತ್ತದೆ. ಫಲಕಗಳು ದೂರ ಸರಿಯುವ ಸಾಗರದಡಿಯ ಮಧ್ಯ ಅಟ್ಲಾಂಟಿಕ್ ಪರ್ವತಸಾಲಿನಂಥ ಕಡೆ ಭೂಕಂಪಗಳು ಸಾಮಾನ್ಯವಾಗಿ ಸಣ್ಣವು. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್‌ನಂತೆ ಪಕ್ಕಪಕ್ಕದಲ್ಲಿ ಉಜ್ಜಿ ಸಾಗುವ ಸ್ತರಭಂಗಗಳಲ್ಲಿ (ಶಿಲೆ ಮುರಿದು ಜಾರುವ ಬಿರುಕುಗಳಲ್ಲಿ) ಅವು ದೊಡ್ಡವೂ ಮೇಲ್ಮಟ್ಟದವೂ ಆಗಿರಬಲ್ಲವು. ಒಂದು ಫಲಕ ಇನ್ನೊಂದರಡಿ ನುಸುಳುವ ಜಪಾನ್, ಚಿಲಿ, ಸುಮಾತ್ರಾಗಳ ಕರಾವಳಿಯಲ್ಲಿ ಅತಿ ದೊಡ್ಡ ಭೂಕಂಪಗಳೂ ಸುನಾಮಿಗಳೂ ಹುಟ್ಟುತ್ತವೆ. ಅಂಚಿನಿಂದ ದೂರವಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯುವುದು ಸಲ್ಲದು. 1811–12ರಲ್ಲಿ ಅಮೆರಿಕದ ನ್ಯೂ ಮ್ಯಾಡ್ರಿಡ್‌ನಲ್ಲಿಯೂ 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿಯೂ ನೆಲ ನಡುಗಿದ್ದು ಫಲಕಗಳ ಒಳಭಾಗದಲ್ಲಿಯೇ.

ಈಗ ಕಾಲಡಿಯ ನೆಲಕ್ಕೆ ಬನ್ನಿ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಸಮಯ ಕೊಡಬೇಕಾದುದು ಇದಕ್ಕೆ. ಹೊಸದಾಗಿ ಒಡೆದ ಕಲ್ಲಿನ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಅದು ಗ್ರಾನೈಟ್‌ನಂಥ ಅಗ್ನಿಶಿಲೆ, ಮರಳಿನ ಕಣಗಳು ಪದರಪದರವಾಗಿ ಅಂಟಿಕೊಂಡಿದ್ದರೆ ಪದರುಶಿಲೆ, ಖನಿಜಗಳು ಪಟ್ಟೆಗಳಾಗಿ ಸಾಲುಗೊಂಡಿದ್ದರೆ ನೈಸ್ ಅಥವಾ ಶಿಸ್ಟ್‌ನಂಥ ರೂಪಾಂತರ ಶಿಲೆ ಎಂದು ಮೊದಲ ಅಂದಾಜು ಮಾಡಬಹುದು. ದುರ್ಬಲ ಆಮ್ಲದ ಹನಿ ಬಿದ್ದಾಗ ನೊರೆಯುಕ್ಕಿದರೆ ಅದು ಸುಣ್ಣಕಲ್ಲು. ನೀರಿಗೆ ಕರಗುವ ಕಲ್ಲಾದ್ದರಿಂದ ಅಂಥ ನೆಲದಡಿಯಲ್ಲಿ ಪೊಳ್ಳುಗಳಿರುವ ಸಾಧ್ಯತೆಯನ್ನು ಪರಿಶೀಲಿಸಬೇಕು.

ಕಲ್ಲಿನ ಹೆಸರಿಗಿಂತ ಮುಖ್ಯವಾದುದು ಅದು ಎಷ್ಟು ಆಳದಲ್ಲಿ ಸಿಗುತ್ತದೆ ಮತ್ತು ಅದರ ಮೇಲೆ ಏನಿದೆ ಎಂಬುದು. ಗಟ್ಟಿ ಶಿಲೆಯಿಂದ ಸಡಿಲ ಮಣ್ಣಿಗೆ ಬಂದ ಅಲೆಗಳ ವೇಗ ಕುಗ್ಗಿ, ಅಲುಗಾಟ ಹಿಗ್ಗುತ್ತದೆ. 1985ರ ಸೆಪ್ಟೆಂಬರ್ 19ರ ಭೂಕಂಪದ ಅಧಿಕೇಂದ್ರ ಮೆಕ್ಸಿಕೋ ನಗರದಿಂದ 350 ಕಿ.ಮೀ.ಗಿಂತ ದೂರದಲ್ಲಿತ್ತು. ಆದರೂ ಪುರಾತನ ಸರೋವರದ ಮೆತ್ತನೆಯ ಜೇಡಿಯ ಮೇಲೆ ನಿಂತಿದ್ದ ಭಾಗದಲ್ಲಿ ಅಲೆಗಳು ಸುಮಾರು 2 ಸೆಕೆಂಡಿಗೊಮ್ಮೆ ತೂಗಾಡುವ ಲಯದಲ್ಲಿ ಬಲಗೊಂಡು, ಅದೇ ಲಯಕ್ಕೆ ಸ್ಪಂದಿಸುವ ಮಧ್ಯಮ ಎತ್ತರದ ಕಟ್ಟಡಗಳು ಉರುಳಿ ಸಾವಿರಾರು ಜನರು ಸತ್ತರು. ನಗರದ ಗಟ್ಟಿ ನೆಲದ ಭಾಗಗಳಲ್ಲಿ ಹಾನಿ ಬಹಳ ಕಡಿಮೆಯಿತ್ತು.

ನೀರು ತುಂಬಿದ ಸಡಿಲ ಮರಳಿನ ತೊಂದರೆ ಬೇರೆ ಬಗೆಯದು. ಅಲುಗಾಟದಲ್ಲಿ ಕಣಗಳ ನಡುವಿನ ನೀರಿನ ಒತ್ತಡ ಏರಿ, ಕಣಗಳು ಒಂದರ ಮೇಲೊಂದು ಭಾರ ಹೊರುವುದು ನಿಂತು, ನೆಲವೇ ದ್ರವದಂತೆ ವರ್ತಿಸುತ್ತದೆ. 1964ರಲ್ಲಿ ಜಪಾನಿನ ನಿಗಾಟಾದಲ್ಲಿ ವಸತಿ ಕಟ್ಟಡಗಳು ಒಡೆಯದೆ ಹಾಗೆಯೇ ವಾಲಿ ಮಲಗಿದ್ದು ಇದರಿಂದ. ಆದ್ದರಿಂದ ಒಂದು ನಿವೇಶನವನ್ನು ಪರಿಶೀಲಿಸುವಾಗ ಭೂವೈಜ್ಞಾನಿಕ ನಕ್ಷೆಯ ಜೊತೆಗೆ ಹಳೆಯ ನಕ್ಷೆಗಳನ್ನೂ ತೆರೆದು, ಅಲ್ಲಿ ಹಿಂದೆ ಕೆರೆ, ಜೌಗು ಅಥವಾ ನದಿಯ ಹಳೆಯ ಪಾತ್ರ ಇತ್ತೇ, ಮಣ್ಣು ತುಂಬಿ ನೆಲವನ್ನು ಎತ್ತರಿಸಲಾಗಿದೆಯೇ ಎಂದು ನೋಡಿ. ಸುತ್ತಲಿನ ಬಾವಿಗಳಲ್ಲಿ ನೀರು ಎಷ್ಟು ಆಳದಲ್ಲಿದೆ, ಪಾಯ ತೋಡಿದಾಗ ಮೊದಲು ಸಿಕ್ಕಿದ್ದು ಮರಳೋ ಜೇಡಿಯೋ ಎಂದು ವಿಚಾರಿಸಿ. ಕಟ್ಟಡ ಕಟ್ಟುವುದಾದರೆ ಈ ವಿಚಾರಣೆಯ ಮೇಲೆ ಕೊಳವೆ ಕೊರೆದು ಮಾಡುವ ಮಣ್ಣಿನ ಪರೀಕ್ಷೆಯನ್ನೂ ಮಾಡಿಸಲೇಬೇಕು.

ಇಳಿಜಾರಿನಲ್ಲಿ ಪದರಗಳ ವಾಲುವಿಕೆಯನ್ನು ಅಳೆಯಿರಿ. ಪದರಗಳು ಬೆಟ್ಟದ ಒಳಕ್ಕೆ ವಾಲಿದ್ದರೆ ಅಷ್ಟರ ಮಟ್ಟಿಗೆ ಆಸರೆ ಇರುತ್ತದೆ. ಕಣಿವೆಯ ಕಡೆಗೆ ವಾಲಿದ್ದು ನಡುವೆ ಜೇಡಿಯ ಪದರವೂ ಇದ್ದರೆ ಜಾರುವ ದಾರಿ ಸಿದ್ಧವಾಗಿದೆ ಎಂದೇ ಅರ್ಥ. 1963ರ ಅಕ್ಟೋಬರ್ 9ರಂದು ಇಟಲಿಯ ವಯಾಂಟ್ ಜಲಾಶಯಕ್ಕೆ ಹೀಗೆ ಸುಮಾರು 26 ಕೋಟಿ ಘನ ಮೀಟರ್ ಶಿಲಾರಾಶಿ ಜಾರಿದಾಗ ಎದ್ದ ಅಲೆ ಅಣೆಕಟ್ಟಿನ ಮೇಲಿಂದ ಹಾರಿ ಸುಮಾರು 2000 ಜನರನ್ನು ಕೊಂದಿತು. ಅಣೆಕಟ್ಟು ಮಾತ್ರ ನಿಂತೇ ಇತ್ತು. ಬುಡದಲ್ಲಿ ಬಾಗಿದ ಮರಗಳು, ವಾಲಿದ ಕಂಬಗಳು, ಹೊಸದಾಗಿ ಜಿನುಗುವ ನೀರು, ಇಳಿಜಾರಿನ ನೆತ್ತಿಯಲ್ಲಿ ಅಡ್ಡಲಾಗಿ ಬಿಟ್ಟ ಬಿರುಕು ಇವು ನೆಲ ಸರಿಯುತ್ತಿರುವುದರ ಲಕ್ಷಣಗಳು. ಭೂಕಂಪದ ಬಳಿಕ ಅಂಥ ಬಿರುಕು ಕಂಡರೆ ಅದರ ಎರಡು ಬದಿಗೂ ಗೂಟ ನೆಟ್ಟು ಅಂತರವನ್ನು ದಿನವೂ ಅಳೆದು ಬರೆದಿಡಿ. ಅಂತರ ಹೆಚ್ಚುತ್ತಿದ್ದರೆ ಮರುಕಂಪನಕ್ಕಾಗಲಿ ಮಳೆಗಾಗಲಿ ಕಾಯದೆ ಕೆಳಗಿನ ಮನೆಗಳನ್ನು ತೆರವುಗೊಳಿಸಿ.