ಉಸಿರಿದ್ದರೆ ಮಾತು: ಎರಡು ದಿನದ ಚಾರಣವನ್ನು ನಾನು ಹೊಂದಿಸುವ ಬಗೆ

ವಾರಾಂತ್ಯದ ಚಾರಣಕ್ಕೆ ಬರುವೆನೆಂದವರಿಗೆಲ್ಲ ನಾನು ಕೇಳುವ ಪ್ರಶ್ನೆ ಒಂದೇ: ಏರುಹಾದಿಯಲ್ಲಿ ಮಾತಾಡುತ್ತಾ ಎಷ್ಟು ಹೊತ್ತು ನಡೆಯಬಲ್ಲಿರಿ? ಪರಸ್ಪರ ಮುಖಪರಿಚಯವೂ ಇಲ್ಲದ ಹತ್ತು ಹನ್ನೆರಡು ಮಂದಿ ಶನಿವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಸೇರುತ್ತಾರೆ, ಭಾನುವಾರ ಸಂಜೆ ಚದುರುತ್ತಾರೆ. ಅಷ್ಟರಲ್ಲಿ ಅವರು ಒಬ್ಬರಿಗೊಬ್ಬರು ಬೇಕಾದವರಾಗಬೇಕು ಎಂಬುದು ನನ್ನ ಆಸೆ. ರಾತ್ರಿ ಒಟ್ಟಿಗೆ ಕೂತರೆ ಸ್ನೇಹ ತಾನಾಗಿ ಬೆಳೆಯುತ್ತದೆ ಎಂದು ಹಲವರು ನಂಬಿದ್ದಾರೆ. ನಾನು ಕಂಡಂತೆ ಅದು ಹಗಲಿನ ನಡಿಗೆಯಲ್ಲೇ ನಿರ್ಧಾರವಾಗಿರುತ್ತದೆ. ಏದುಸಿರು ಬಿಡುತ್ತಾ ಬಿಡಿಬಿಡಿಯಾಗಿ ಶಿಖರ ಮುಟ್ಟಿದ ತಂಡ ಸಂಜೆಯೂ ಬಿಡಿಬಿಡಿಯಾಗಿಯೇ ಕೂರುತ್ತದೆ.

ಹಾಗಾಗಿ ನನ್ನ ಕೆಲಸ ಶುರುವಾಗುವುದು ಸಮಯದ ಲೆಕ್ಕದಿಂದ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಈಗಲೂ ಬಳಸುತ್ತೇನೆ: ಮೂರು ಮೈಲಿ ದೂರಕ್ಕೆ ಒಂದು ಗಂಟೆ, ಮೇಲೇರುವ ಪ್ರತಿ 2000 ಅಡಿಗೆ ಇನ್ನೊಂದು ಗಂಟೆ. ನಮ್ಮ ಅಳತೆಗೆ ತಂದರೆ ಸುಮಾರು 5 ಕಿ.ಮೀ. ಮತ್ತು 600 ಮೀಟರ್. 10 ಕಿ.ಮೀ. ಹಾದಿ, 900 ಮೀಟರ್ ಏರು ಇದ್ದರೆ ಮೂರೂವರೆ ಗಂಟೆ ಆಯಿತು. ಇದು ಗಟ್ಟಿ ಕಾಲಿನವರು ಎಲ್ಲೂ ಕೂರದೆ ನಡೆಯುವ ವೇಗ. ಮಿಶ್ರ ತಂಡಕ್ಕೆ ನಾನು ಇದರ ಒಂದೂವರೆ ಪಟ್ಟು ಹಿಡಿಯುತ್ತೇನೆ. ಅಂದರೆ ಐದೂಕಾಲು ಗಂಟೆ. ಅದರ ಮೇಲೆ, ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲೇ ಟೆಂಟ್ ಹಾಕುವ ಜಾಗ ತಲುಪುವಂತೆ ಹೊರಡುವ ಹೊತ್ತನ್ನು ನಿಗದಿ ಮಾಡುತ್ತೇನೆ. ಗಡಿಯಾರ ಬೆನ್ನಟ್ಟುತ್ತಿದ್ದರೆ ಪಕ್ಕದವರ ಮಾತಿಗೆ ಯಾರೂ ಕಿವಿಗೊಡುವುದಿಲ್ಲ. 2500 ಮೀಟರ್‌ಗಿಂತ ಎತ್ತರದಲ್ಲಿ ಮಲಗಬೇಕಾದ ಹಾದಿಗಳನ್ನು ವಾರಾಂತ್ಯಕ್ಕೆ ಆರಿಸಿಕೊಳ್ಳುವುದೇ ಇಲ್ಲ. ದೇಹ ಆ ಎತ್ತರಕ್ಕೆ ಒಗ್ಗಲು ಎರಡು ದಿನ ಸಾಲದು.

ಸಾಲಿನ ಜೋಡಣೆಯ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ನಿಧಾನವಾಗಿ ನಡೆಯುವವರನ್ನು ಕೊನೆಯಲ್ಲಿ ಬಿಡುವುದು ಅನ್ಯಾಯ. ಮುಂದಿನವರು ಕೂತು ದಣಿವಾರಿಸಿಕೊಂಡು, ಹಿಂದಿನವರು ಬಂದು ಮುಟ್ಟುತ್ತಿದ್ದಂತೆ ಎದ್ದು ಹೊರಡುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೇ ಅದು ಸಿಗುವುದಿಲ್ಲ, ಜೊತೆಗೆ ತಮ್ಮಿಂದ ಎಲ್ಲರಿಗೂ ತೊಂದರೆ ಎಂಬ ಸಂಕೋಚ ಬೇರೆ. ಹಾಗಾಗಿ ನಾನು ಮುಂದೆ ನಡೆಯುತ್ತೇನೆ, ನಿಧಾನದವರು ನನ್ನ ಬೆನ್ನಿಗೇ ಇರುತ್ತಾರೆ. ಅವರ ಉಸಿರು ನನ್ನ ಕಿವಿಗೆ ಬೀಳುತ್ತಿರುತ್ತದೆ. ಪೂರ್ತಿ ವಾಕ್ಯ ಆಡಲು ಆಗದೆ ತುಂಡು ಪದಗಳು ಬರತೊಡಗಿದರೆ ಹೆಜ್ಜೆ ನಿಧಾನಿಸುತ್ತೇನೆ. ಮೊದಲ ಅರ್ಧ ಗಂಟೆಯಂತೂ ಬೇಕೆಂದೇ ಮೆಲ್ಲಗೆ. ವಿಶ್ರಾಂತಿಯ ಹತ್ತು ನಿಮಿಷ ಎಣಿಕೆಯಾಗುವುದು ಕೊನೆಯವರು ಚೀಲ ಇಳಿಸಿದ ಮೇಲೆ. ಕೊನೆಯಲ್ಲಿ ನಡೆಯುವುದು ತಂಡದ ಅತ್ಯಂತ ಅನುಭವಿ. ಅವರ ಹಿಂದೆ ಯಾರೂ ಇರಬಾರದು. ಕವಲು ಬಂದ ಕಡೆಯಲ್ಲೆಲ್ಲ ಅವರು ಕಾಣುವ ತನಕ ತಂಡ ಕಾಯುತ್ತದೆ.

ಸಾಲಿನ ನಡುವೆ ಯಾರ ಹಿಂದೆ ಯಾರು ಎಂಬುದನ್ನು ಪ್ರತಿ ವಿಶ್ರಾಂತಿಯ ನಂತರ ಬದಲಿಸುತ್ತೇನೆ. ಒಟ್ಟಿಗೆ ಬಂದ ಗೆಳೆಯರೂ ಸ್ವಲ್ಪ ಹೊತ್ತು ಬೇರೆಯಾಗುತ್ತಾರೆ. ಕಾಲುದಾರಿಯಲ್ಲಿ ನಡೆಯುವವರು ಎದುರಿನವರ ಮುಖ ನೋಡಬೇಕಿಲ್ಲ, ಮಾತು ನಿಂತರೆ ಮುಜುಗರವೂ ಇಲ್ಲ; ನಾಲ್ಕು ಹೆಜ್ಜೆ ಕಳೆದು ಅದೇ ಮತ್ತೆ ಚಿಗುರುತ್ತದೆ. ಗುಂಪಿನಲ್ಲಿ ಬಾಯಿ ಬಿಡದವರು ಈ ಸಾಲಿನಲ್ಲಿ ತಮ್ಮ ಬದುಕನ್ನೇ ಹೇಳಿಕೊಂಡದ್ದನ್ನು ಕೇಳಿದ್ದೇನೆ.

ಬುಡದಲ್ಲಿ ಹೊರಡುವ ಮೊದಲೇ ಶೌಚದ ವಿಷಯವನ್ನು ನೇರವಾಗಿ ಮಾತಾಡುತ್ತೇನೆ. ಹೊಸಬರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಎಲ್ಲಕ್ಕಿಂತ ದೊಡ್ಡ ಆತಂಕ ಇದೇ. ಕೇಳಲು ನಾಚಿಕೊಂಡು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಸುಸ್ತು. ನೀರಿನ ಸೆಲೆಯಿಂದಲೂ ದಾರಿಯಿಂದಲೂ ಕನಿಷ್ಠ 60 ಮೀಟರ್ ದೂರ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ, ಮೇಲೆ ಮಣ್ಣು, ಬಳಸಿದ ಪ್ಯಾಡ್ ಇತ್ಯಾದಿ ಮುಚ್ಚಿದ ಚೀಲದಲ್ಲಿ ವಾಪಸ್. ಗುಂಡಿ ತೋಡುವ ಸಲಿಕೆ ಎಲ್ಲಿದೆ ಎಂದು ತೋರಿಸಿ, ಅದನ್ನು ತೆಗೆದುಕೊಂಡು ಹೋದವರನ್ನು ಯಾರೂ ಎಲ್ಲಿಗೆಂದು ಕೇಳಬಾರದು ಎನ್ನುತ್ತೇನೆ. ಆಗ ಕೆಲವರ ಮುಖ ಸಡಿಲವಾಗುವುದು ಕಾಣುತ್ತದೆ. ಆ ಉಸಿರಿನಲ್ಲೇ ಸೀಟಿಯ ಸಂಕೇತವನ್ನೂ ಹೇಳಿಬಿಡುತ್ತೇನೆ: ಅಪಾಯದಲ್ಲಿದ್ದರೆ ಒಂದು ನಿಮಿಷದಲ್ಲಿ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು, ಉತ್ತರವಾಗಿ ಮೂರು.

ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಮೈಮೇಲಿನ ಹತ್ತಿ ಅಂಗಿ ಬೆವರಿನಲ್ಲಿ ತೊಯ್ದಿದ್ದರೆ ಹತ್ತೇ ನಿಮಿಷದಲ್ಲಿ ನಡುಕ. ಮೇಲೆ ತಲುಪಿದ ಕೂಡಲೇ ಫೋಟೋಗಿಂತ ಮೊದಲು ಒಣ ಅಂಗಿ ಎಂಬುದು ನಮ್ಮ ತಂಡದ ನಿಯಮ.

ರಾತ್ರಿ ಬೆಂಕಿ ಹಾಕುವುದನ್ನು ನಾನು ಬಿಟ್ಟಿದ್ದೇನೆ. ಸುಟ್ಟ ನೆಲದಲ್ಲಿ ಬಹುಕಾಲ ಏನೂ ಬೆಳೆಯುವುದಿಲ್ಲ, ಬಿದ್ದ ಕಟ್ಟಿಗೆ ಎಷ್ಟೋ ಹುಳುಗಳ ಮನೆ. ಬೆಂಕಿಯಿಲ್ಲದ ಕೂಟ ಸಪ್ಪೆಯೆಂದು ಹೊಸಬರು ಅಂದುಕೊಂಡು ಬರುತ್ತಾರೆ. ಹೆಡ್‌ಲ್ಯಾಂಪ್‌ಗಳನ್ನೆಲ್ಲ ಆರಿಸಿ ಕೂರಿಸುತ್ತೇನೆ. ಅಗತ್ಯಕ್ಕೆ ಮಂದ ಕೆಂಪು ಬೆಳಕು ಮಾತ್ರ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಒಬ್ಬರ ಬಿಳಿ ದೀಪ ಎಲ್ಲರ ಕಣ್ಣನ್ನೂ ಮತ್ತೆ ಕುರುಡಾಗಿಸುತ್ತದೆ. ಕತ್ತಲಲ್ಲಿ ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ, ಒಬ್ಬರು ಮುಗಿಸುವ ತನಕ ಉಳಿದವರು ಕಾಯುತ್ತಾರೆ. ಹಗಲಿನಲ್ಲಿ ಅರ್ಧಕ್ಕೆ ನಿಂತ ಮಾತುಗಳು ಇಲ್ಲಿ ಮುಂದುವರಿಯುತ್ತವೆ. ಹತ್ತಕ್ಕೆ ಕೂಟ ಮುಗಿಯಲೇಬೇಕು, ಏಕೆಂದರೆ ಭಾನುವಾರದ ಇಳಿಜಾರಿಗೆ ನಿದ್ದೆ ಬೇಕು.

ಇಳಿಯುವುದು ಸುಲಭವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರ ತಡೆಯಬೇಕು. ಒಂದೆರಡು ದಿನದ ಮೇಲೆ ಮೆಟ್ಟಿಲಿಳಿಯಲು ಕಷ್ಟವಾಗುವುದು ಇದೇ ಕಾರಣಕ್ಕೆ. ಕೋಲುಗಳನ್ನು ಸ್ವಲ್ಪ ಉದ್ದ ಮಾಡಿಸಿ, ಕಿರುಹೆಜ್ಜೆ ಇಡಲು ಹೇಳುತ್ತೇನೆ. ಇಲ್ಲಿ ಮಾತು ಕಡಿಮೆ, ಕಣ್ಣು ನೆಲದ ಮೇಲೆ. ಆದರೂ ಸಡಿಲ ಕಲ್ಲು ಸಿಕ್ಕಾಗ ಮುಂದಿನವರು ತಾವಾಗಿಯೇ ನಿಂತು ಹಿಂದಿನವರಿಗೆ ಕೈ ಚಾಚುತ್ತಾರೆ, ನಾನು ಹೇಳಬೇಕಾಗುವುದಿಲ್ಲ. ಬುಡ ತಲುಪಿ ಚೀಲ ಇಳಿಸಿದ ಮೇಲೆ, ಮುಂದಿನ ಸಲ ಕೊನೆಯಲ್ಲಿ ನಡೆಯಲು ಕಲಿಯುವವರು ಯಾರು ಎಂದು ಕೇಳುತ್ತೇನೆ. ಹಲವು ಸಲ ಮೊದಲು ಕೈ ಎತ್ತುವುದು ಶನಿವಾರ ನನ್ನ ಬೆನ್ನ ಹಿಂದೆಯೇ ನಡೆದವರು.